ವಿಡಿಯೋ ಕಾಲ್ ಎಲ್ಲಾದ್ಕೂ ಆಗಲ್ಲ ಸರ್

ಲಾಕ್‌ಡೌನಲ್ಲಿ ಕ್ಯಾನ್ಸರ್ ಪೇಷಂಟ್‌ಗಳ ಒಂಟಿತನಾನ ವಿಡಿಯೋ ಕಾಲ್ ಕಮ್ಮಿ ಮಾಡ್ತು ಅಂತ ಬರ್ದಿದೀರಲ್ಲ, ಅದನ್ನ ನಾನ್ ಒಪ್ಪಲ್ಲ. 2020ರಲ್ಲಿ ನಮ್ಮವ್ವಂಗೆ ಕೀಮೋ ನಡೀತಿತ್ತು, ದಾವಣಗೆರೆಯಿಂದ ಬೆಂಗಳೂರಿಗೆ ಸುಮಾರು 260 ಕಿಲೋಮೀಟರ್, ಬಸ್ಸಿಲ್ಲ ರೈಲಿಲ್ಲ, ಪಾಸ್ ಮಾಡಿಸ್ಕೊಂಡು ಬಾಡಿಗೆ ಕಾರಲ್ಲಿ ಹೋಗಿ ಬಂದ್ರೆ ಕೊರೋನಾ ತಂದಿದಾರೆ ಅಂತ ಓಣಿಯೋರು ಬಾಗ್ಲು ಹಾಕ್ಕೊಳೋರು. ಕೀಮೋ ಆದ್ಮೇಲೆ ಬಿಳಿ ರಕ್ತಕಣ ಕಮ್ಮಿ ಆಗಿ ಸೋಂಕು ಬೇಗ ತಗಲುತ್ತೆ, ನಿಮ್ಮಿಂದ ನಮಗೇ ಭಯ ಅಂತ ಯಾರಿಗೆ ಹೇಳೋದು? ಕೂದ್ಲು ಉದುರಿದ್ಮೇಲಂತೂ ಅವ್ವ ಕ್ಯಾಮೆರಾ ಮುಂದೆ ಬರೋದೇ ಬಿಟ್ಲು, ತವರುಮನೆಯೋರು ಮಾಡಿದ್ರೂ ಅಷ್ಟೇ. ಮೊದ್ಲು ಸಂಜೆ ಕಟ್ಟೆ ಮೇಲೆ ಜೊತೆಗೆ ಕೂತು ಮಂಡಕ್ಕಿ ತಿಂತಿದ್ದ ಪಕ್ಕದ್ಮನೆ ಅಜ್ಜಿ ಒಬ್ರು ಮಾತ್ರ ಕಾಂಪೌಂಡ್ ಆಚೆ ನಿಂತು ದಿನಾ ಕೂಗಿ ಮಾತಾಡ್ಸೋರು (ಅವ್ರಿಗೆ ಕಿವಿ ಬೇರೆ ಮಂದ). ಅವ್ವ ಎರಡು ತುತ್ತು ಉಣ್ತಿದ್ದಿದ್ದು ಅವ್ರು ಬಂದು ಹೋದ್ಮೇಲೇನೇ.