ಕಾಫಿ ಬೆಳೆಯುವ ನಾಡಿನಲ್ಲಿ ಕಾಫಿಗೇ ಬರ
ಮೆಕ್ಸಿಕೋ ನಗರದ ನಮ್ಮ ಬಡಾವಣೆಯ ಪುಟ್ಟ ಹೋಟೆಲಿನಲ್ಲಿ ಈ ಭಾನುವಾರ ಬೆಳಿಗ್ಗೆಯೂ ಕಾಫಿ ಕೇಳಿದರೆ ಬಂದದ್ದು ಒಂದು ಲೋಟ ಬಿಸಿನೀರು, ಒಂದು ಚಮಚ ಮತ್ತು ಇನ್‌ಸ್ಟಂಟ್ ಪುಡಿಯ ಸೀಸೆ. ಇಷ್ಟು ದಿನ ಕಾಪಾಡಿಕೊಂಡು ಬಂದಿದ್ದ ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. ಚಿಯಾಪಾಸ್, ವೆರಾಕ್ರೂಸ್, ಓಹಾಕಾ ಬೆಟ್ಟಗಳಲ್ಲಿ, ನಮ್ಮ ಚಿಕ್ಕಮಗಳೂರು, ಕೊಡಗಿನಂತೆಯೇ ಮರಗಳ ನೆರಳಿನಲ್ಲಿ ಸೊಗಸಾದ ಅರೇಬಿಕಾ ಬೆಳೆಯುವ ದೇಶವಿದು. ಅದೆಲ್ಲ ಎಲ್ಲಿಗೆ ಹೋಗುತ್ತದೆ? ಅಡುಗೆಯಲ್ಲಿ ಇವರಿಗೆ ಸೋಮಾರಿತನವೆಂಬುದೇ ಇಲ್ಲ: ಹಸಿಮೆಣಸಿನಕಾಯಿ ಹಾಕಿ ಆಗಷ್ಟೇ ರುಬ್ಬಿದ ಸಾಲ್ಸಾದಲ್ಲಿ ಟೋರ್ಟಿಯಾ ಎಂಬ ಮೆಕ್ಕೆಜೋಳದ ರೊಟ್ಟಿಯ ಕರಿದ ಚೂರುಗಳನ್ನು ಹೊರಳಿಸಿ, ಮೇಲೆ ಕೆನೆ, ಚೀಸ್, ಈರುಳ್ಳಿ ಹರಡಿ ಕೊಡುವ ಚಿಲಾಕಿಲೆಸ್‌ಗೆ ಸಾಟಿಯಿಲ್ಲ. ಅಂಥ ಕೈ ಕಾಫಿಯ ಹೊತ್ತಿಗೆ ಏಕೆ ಸೋಲಬೇಕು? ಮಣ್ಣಿನ ಮಡಕೆಯಲ್ಲಿ ದಾಲ್ಚಿನ್ನಿ ಮತ್ತು ಪಿಲೊನ್ಸಿಯೊ ಬೆಲ್ಲ ಹಾಕಿ ಕುದಿಸುವ ಕಾಫೆ ದೆ ಓಯಾ ಇವರದೇ ಅಲ್ಲವೇ? ಬೆಲ್ಲದ ಕಾಫಿ ಕುಡಿದು ಬೆಳೆದ ಮಲೆನಾಡಿನವಳಾದ ನನಗೆ ಅದರ ಪರಿಮಳವೊಂದೇ ಸಾಕಾಗಿತ್ತು. ಕೇಳಿದರೆ ಸದಾ "ಇವತ್ತು ಮಾಡಿಲ್ಲ" ಎಂಬ ಉತ್ತರ. ಸೀಸೆಯ ಬಾಯಂಚಿನಲ್ಲಿ ಒದ್ದೆ ಚಮಚ ತಾಗಿ ಪುಡಿ ಕಪ್ಪಗೆ ಗಟ್ಟಿಯಾಗಿರುತ್ತದೆ, ಉಗುರುಬೆಚ್ಚಗಿನ ನೀರಿನಲ್ಲಿ ಅದು ಕರಗದೆ ಗಂಟುಗಂಟಾಗಿ ತೇಲುತ್ತದೆ, ಆದರೂ ಬಿಲ್ಲಿನಲ್ಲಿ ಅದಕ್ಕೆ ಕಾಫಿಯೆಂದೇ ದುಡ್ಡು ಹಾಕುತ್ತಾರೆ. ಇದು ಕಾಫಿಯೇ?