ಪಟ್ಟೆ ಇದ್ದರಷ್ಟೇ ಪ್ರೀತಿ

ಹುಲಿ ಕಾಡಿಗೆ ಹೋಗುವ ಪ್ರವಾಸಿಗರು ಹೇಗಿರಬೇಕು ಅಂತ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ 2012ರಲ್ಲೇ ಬರೆದಿಟ್ಟಿದೆ. ಪ್ರಾಣಿಯಿಂದ 20 ಮೀಟರ್ ದೂರ ನಿಲ್ಲಬೇಕು, ಜೀಪಿನಿಂದ ಜೀಪಿಗೆ 50 ಮೀಟರ್ ಅಂತರ ಬೇಕು, ಒಂದೇ ಪ್ರಾಣಿಯ ಮುಂದೆ 15 ನಿಮಿಷಕ್ಕಿಂತ ಹೆಚ್ಚು ಠಿಕಾಣಿ ಹೂಡುವಂತಿಲ್ಲ. ನನಗೆ ತಿಳಿದಂತೆ ಬೆಳಗಾವಿಯಲ್ಲಿ ಇಂಥ ಶಿಸ್ತು ತೋರಿಸಿದವರು ಒಬ್ಬರೇ: 2022ರ ಆಗಸ್ಟ್‌ನಲ್ಲಿ ಜಾಧವ ನಗರಕ್ಕೆ ಬಂದು, ಗಾಲ್ಫ್ ಮೈದಾನದಲ್ಲಿ ವಸ್ತಿ ಮಾಡಿ ಹೋದ ಚಿರತೆಯವರು.

ಬಂದ ದಿನ ಕೂಲಿ ಕಾರ್ಮಿಕರೊಬ್ಬರ ಮೇಲೆ ಎರಗಿದ್ದು ತಪ್ಪೇ, ಮಾಫಿ ಇಲ್ಲ. ಆಮೇಲಿನ ನಡವಳಿಕೆ ಮಾತ್ರ ನೋಡಿ. ಸೆಲ್ಫಿ ಕೇಳಲಿಲ್ಲ, ಚಿಪ್ಸ್ ಪಾಕೀಟು ಬಿಸಾಡಲಿಲ್ಲ, ರೀಲ್ಸ್ ಅಂತೂ ಇಲ್ಲವೇ ಇಲ್ಲ. ನಾವು 22 ಶಾಲೆಗಳಿಗೆ ಬೀಗ ಹಾಕಿ, ಬೋನಿಟ್ಟು, ಡ್ರೋನ್ ಹಾರಿಸಿ, ಸಕ್ರೆಬೈಲಿನಿಂದ ಆನೆಗಳನ್ನೂ ಕರೆಸಿದೆವು. ಅವರು ಯಾವಾಗ ಹೊರಟರೋ ಯಾರಿಗೂ ಗೊತ್ತಾಗಲಿಲ್ಲ. ಇಂಥ ಅತಿಥಿಗೆ ಶಾಲು, ಪೇಟಾ ಹಾಕಿ ಕಳಿಸಬೇಕಿತ್ತು.

ಅದೇ ಊರಿನ ನಾವು ಶನಿವಾರ ಬಂತೆಂದರೆ ದಾಂಡೇಲಿಗೆ ಗಾಡಿ ತಿರುಗಿಸುತ್ತೇವೆ. ಜೀಪು ಹತ್ತಿದ ಕೂಡಲೇ ಹಿಂದಿನ ಸೀಟಿನ ಯಜಮಾನರು ಶುರು:

“ಡ್ರೈವರ್ ಅಣ್ಣಾ, ಹುಲಿ ತೋರಸ್ರಿ. ರೊಕ್ಕದ ಚಿಂತಿ ಮಾಡಬ್ಯಾಡ್ರಿ.”

“ಹುಲಿ ನನ್ನ ಮಾತ ಕೇಳಂಗಿಲ್ರಿ ಸಾಹೇಬ್ರ.”

“ಹಂಗಾರ ಒಮ್ಮಿ ಹಾರ್ನ್ ಹೊಡದ ನೋಡ್ರಿ.”

ಡ್ರೈವರ್ ಕನ್ನಡಿಯಲ್ಲಿ ಒಮ್ಮೆ ದಿಟ್ಟಿಸಿ, ಅಡಿಕೆ ಬಾಯಿಗೆ ಎಸೆದುಕೊಂಡು ಸುಮ್ಮನಾಗುತ್ತಾರೆ. ಅಷ್ಟರಲ್ಲಿ ಜಿಂಕೆ ಹಿಂಡೊಂದು ರಸ್ತೆ ದಾಟುತ್ತದೆ. “ಇವು ನಮ್ಮ ಭೂತರಾಮನಹಟ್ಟಿ ಝೂನಾಗೂ ಅದಾವ, ಮುಂದ ನಡೀರಿ!”

ಸಫಾರಿ ಇದ್ದರೆ ಕಳ್ಳಬೇಟೆಗಾರ ಹೆದರುತ್ತಾನೆ, ಸುತ್ತಲ ಊರಿನ ಹುಡುಗರಿಗೆ ಕೆಲಸ ಸಿಗುತ್ತದೆ ಅನ್ನುತ್ತಾರೆ. ಪೂರ್ತಿ ಸುಳ್ಳಲ್ಲ, ಆ ಡ್ರೈವರ್ ಮನೆಯ ಒಲೆ ಉರಿಯುವುದೇ ಇದರಿಂದ. ಆದರೆ ಈ ನಿಸರ್ಗಪ್ರೇಮ ಪಟ್ಟೆ ಕಂಡಲ್ಲಿ ಮಾತ್ರ ಉಕ್ಕುತ್ತದಲ್ಲ! ಬಾಗಲಕೋಟೆ ಜಿಲ್ಲೆಯ ಯಡಹಳ್ಳಿಯಲ್ಲಿ ಚಿಂಕಾರ ಅನ್ನುವ ಪುಟ್ಟ ಹುಲ್ಲೆಗೆಂದೇ 2016ರಲ್ಲಿ ಅಭಯಾರಣ್ಯವಾಯಿತು. ಯಾರ ಸ್ಟೇಟಸ್‌ನಲ್ಲಾದರೂ ಚಿಂಕಾರ ಕಂಡಿದ್ದೀರಾ? ಖಾನಾಪುರದ ಭೀಮಗಡ ಕಾಡಿನ ಬಾರಾಪೇಡೆ ಗುಹೆಯಲ್ಲಿ ನೇತಾಡುವ ರಾಟನ್ ಬಾವಲಿ ಜಗತ್ತಿನ ಬೆರಳೆಣಿಕೆಯ ಜಾಗಗಳಲ್ಲಷ್ಟೇ ಉಳಿದಿರುವ ಜೀವಿ. ಅದನ್ನು ನೋಡಲು ಜೀಪುಗಳು ಸಾಲುಗಟ್ಟಿಲ್ಲ. ಬಾವಲಿಯ ಪುಣ್ಯ ದೊಡ್ಡದು.

ಅದೇ ಭೀಮಗಡದೊಳಗಿನ ಆಮಗಾಂವ್‌ನಿಂದ 2024ರ ಮಳೆಗಾಲದಲ್ಲಿ ಕಾಯಿಲೆ ಬಿದ್ದ ಹೆಣ್ಣುಮಗಳೊಬ್ಬರನ್ನು ಊರವರು ಹೆಗಲ ಮೇಲೆ ಹೊತ್ತು ತಂದರು. ಕಾಡಿನೊಳಗೆ ರಸ್ತೆ ಮಾಡಿದರೆ ಪ್ರಾಣಿಗಳಿಗೆ ತೊಂದರೆಯಂತೆ. ಆಂಬುಲೆನ್ಸ್ ಸದ್ದಿಗೆ ಹುಲಿ ಬೆಚ್ಚಿಬೀಳುತ್ತದೆ. ಜೀಪಿನ ತುಂಬ ಜನ ಕೂತು “ಅಲ್ನೋಡ್ರಿ, ಅಲ್ನೋಡ್ರಿ” ಅಂತ ಕಿರುಚಿದರೆ ಮಾತ್ರ ಅದಕ್ಕೆ ಜೋಗುಳ!

ಹುಲಿ ದಾಳಿಗೆ ರೈತರು ಬಲಿಯಾದ ಮೇಲೆ 2025ರ ನವೆಂಬರ್‌ನಲ್ಲಿ ಬಂಡೀಪುರ, ನಾಗರಹೊಳೆಯ ಸಫಾರಿ ನಿಲ್ಲಿಸಿ, ಸಫಾರಿ ಸಿಬ್ಬಂದಿಯನ್ನೇ ಹುಲಿ ಹಿಡಿಯುವ ಕಾರ್ಯಾಚರಣೆಗೆ ಕಳಿಸಿದರು. ನಿನ್ನೆತನಕ ಹುಲಿ ಕಾಣಲೆಂದು ಹರಕೆ ಹೊತ್ತ ಡ್ರೈವರು, ಇವತ್ತು ಎದುರಿಗೆ ಬಾರದಿರಲೆಂದು ಇನ್ನೊಂದು ಹರಕೆ ಹೊರಬೇಕು. ನಮ್ಮ ನಿಸರ್ಗಪ್ರೇಮಿ ಯಜಮಾನರಿಗೂ ಸುದ್ದಿ ಮುಟ್ಟಿತು. ಸಂಕಟದಿಂದ ಫೋನ್ ಮಾಡಿ ಕೇಳಿದರು:

“ರಿಸಾರ್ಟ್‌ಗೆ ಕೊಟ್ಟ ಅಡ್ವಾನ್ಸ್ ವಾಪಸ್ ಬರತೈತೇನ್ರಿ?”