ಬಾಕಿ ಪಾಯಿಂಟ್ ಏಳು

ನಮ್ಮತ್ತೆಗೆ ಎರಡು ಆಸೆ. ಒಂದು, ನಮಗೆ ಇನ್ನೊಂದು ಮಗು ಆಗಬೇಕು. ಎರಡು, ಈಗಿರುವ ಮಗು ಗೇಟು ದಾಟಬಾರದು. ಮಗಳಿಗೆ ಎಂಟು ವರ್ಷ. ಅವಳು ಚಪ್ಪಲಿ ಮೆಟ್ಟಿದ ಸದ್ದಾದರೆ ಸಾಕು, ದೇವರ ಮನೆಯಲ್ಲಿರುವ ಅತ್ತೆ ಗಂಟೆ ಹಿಡಿದುಕೊಂಡೇ ಬಾಗಿಲಿಗೆ ಬರುತ್ತಾರೆ. ಅದೇ ಅತ್ತೆ ಸಂಜೆ ಬತ್ತಿ ಹೊಸೆಯುತ್ತಾ, "ಒಂದು ಕಣ್ಣು ಕಣ್ಣಲ್ಲ, ಒಂದು ಮಗು ಮಗುವಲ್ಲ ಕಣಮ್ಮ. ಇನ್ನೊಂದಾಗಲಿ. ಮಕ್ಕಳೇನು, ತಾವಾಗೇ ಬೆಳೀತವೆ" ಅನ್ನುತ್ತಾರೆ.

ತಾವಾಗೇ ಬೆಳೆಯುವ ಮಕ್ಕಳನ್ನು ನಾನಂತೂ ಇತ್ತೀಚೆಗೆ ನೋಡಿಲ್ಲ. ಅತ್ತೆಯ ಕಾಲದಲ್ಲಿ ಬೆಳೆದಿರಬಹುದು. ಏಳು ಮಕ್ಕಳಲ್ಲಿ ಅವರು ಐದನೆಯವರು. ಅವರನ್ನು ಸೊಂಟದ ಮೇಲೆ ಹೊತ್ತು ತಿರುಗಿದ್ದು ದೊಡ್ಡಕ್ಕ. ಆ ದೊಡ್ಡಕ್ಕನಿಗೂ ಆಗ ಎಂಟೋ ಒಂಬತ್ತೋ. ಯಾವ ಮಗು ಎಲ್ಲಿದೆ ಅಂತ ಅಮ್ಮನಿಗೆ ಗೊತ್ತಾಗುತ್ತಿದ್ದುದೇ ರಾತ್ರಿ ತಟ್ಟೆ ಹಾಕುವಾಗ. ತಟ್ಟೆ ಉಳಿದರೆ ಹುಡುಕೋಕೆ ಹೊರಡುವುದು. ಆ ಮಕ್ಕಳಿಗೆ ಸ್ವಾತಂತ್ರ್ಯ ಯಾರೂ ಕೊಟ್ಟಿದ್ದಲ್ಲ, ಕಾಯುವ ಜನ ಸಾಲದೆ ಸಿಕ್ಕಿದ್ದು. ನಮ್ಮನೆಯಲ್ಲಿ ಲೆಕ್ಕ ಉಲ್ಟಾ. ಒಂದು ಮಗು, ಮೂರು ಜೊತೆ ಕಣ್ಣು. ಎದುರು ಮನೆಯ ಸಿಸಿಟಿವಿ ಬೇರೆ.

ಈ ಬೇಸಿಗೆ ರಜೆಯಲ್ಲಿ ನಾನೂ ನನ್ನ ಗಂಡನೂ ಮಾತಾಡಿಕೊಂಡೆವು. ಮಗಳಿಗೆ ಸ್ವಲ್ಪ ಸ್ವಾತಂತ್ರ್ಯ ಕೊಡೋಣ ಅಂತ. ಮೊದಲ ಕಂತು, ಮೂಲೆ ಅಂಗಡಿಯಿಂದ ಮೊಸರು ತರುವುದು. ಕೈಗೆ ನೂರರ ನೋಟು ಕೊಟ್ಟು ಒಬ್ಬಳನ್ನೇ ಕಳಿಸಿದೆವು. 'ಒಬ್ಬಳನ್ನೇ' ಅನ್ನುವುದು ಅವಳ ಪಾಲಿನ ಸತ್ಯ. ಅವಳ ಅಪ್ಪ ಸ್ಕೂಟರ್‌ಗಳ ಮರೆಯಲ್ಲಿ ಬಗ್ಗಿ ಬಗ್ಗಿ ಹಿಂದೆಯೇ ಹೋದರು. ಅತ್ತೆ ಟೆರೇಸ್ ಹತ್ತಿ, "ಎಡಗಡೆ ಬಾ, ಎಡಗಡೆ!" ಅಂತ ಇಡೀ ಕ್ರಾಸಿಗೆ ಕೇಳುವ ಹಾಗೆ ಕೂಗಿದರು. ಒಂದು ಆಟೋ ನಿಜವಾಗಲೂ ಎಡಕ್ಕೆ ತಿರುಗಿತು. ಅಷ್ಟರಲ್ಲಿ ಅಂಗಡಿಯವರು ನನಗೆ ಫೋನ್ ಮಾಡಿ, "ಮೇಡಂ, ಪಾಪು ಬಂದಿದ್ದಾಳೆ. ನಿಮ್ಮೆಜಮಾನ್ರು ಯಾಕೆ ಕಂಬದ ಹಿಂದೆ ನಿಂತವ್ರೆ?" ಅಂದರು.

ಮಗಳು ಗೆದ್ದು ಬಂದಳು. ಮೊಸರು ಬಂತು, ಚಿಲ್ಲರೆ ಬರಲಿಲ್ಲ. ಕೇಳಿದರೆ, "ಸ್ಕ್ಯಾನ್ ಮಾಡಿದಾಗ ಅವರು ಏನೂ ವಾಪಸ್ ಕೊಡಲ್ವಲ್ಲಮ್ಮ" ಅಂದಳು. ನಾನು ಸುಮ್ಮನಾದೆ. ಹುಟ್ಟಿದಾಗಿನಿಂದ ಅವಳು ನೋಡಿದ್ದು ಮೊಬೈಲನ್ನು ಸ್ಟಿಕ್ಕರಿಗೆ ತೋರಿಸಿ ಸಾಮಾನು ತರುವ ಅಪ್ಪ ಅಮ್ಮನನ್ನ. ಕೊಟ್ಟ ದುಡ್ಡಿನಲ್ಲಿ ಒಂದಷ್ಟು ತಿರುಗಿ ಬರುತ್ತದೆ ಅಂತ ಅವಳಿಗೆ ಯಾರು ಹೇಳಿದ್ದರು?

ಚಿಲ್ಲರೆಯ ಪಾಠವಾಯಿತು. ಆದರೆ ಅಂಗಡಿಯಲ್ಲಿ ನಿಂತು ನಿಂತು ಅವಳು ಇನ್ನೊಂದು ಪಾಠ ತಾನೇ ಕಲಿತಿದ್ದಳು. ದೊಡ್ಡವರು ಕೆಲವರು ದುಡ್ಡೇ ಕೊಡದೆ, "ಬರ್ಕೊಳ್ಳಿ" ಅಂತ ಹೇಳಿ ಹೋಗುತ್ತಾರೆ! ತಿಂಗಳ ಕೊನೆಯಲ್ಲಿ ಅಂಗಡಿಯವರು ಪುಸ್ತಕ ತೆಗೆದು ತೋರಿಸಿದರು. ನಮ್ಮ ಮನೆ ನಂಬರಿನ ಕೆಳಗೆ ಕಡಲೆ ಮಿಠಾಯಿ, ಲಾಲಿಪಾಪು, ಮಾವಿನ ಜ್ಯೂಸು, ಮತ್ತೆ ಕಡಲೆ ಮಿಠಾಯಿ. ಬೀದಿಯ ಮಕ್ಕಳಿಗೆಲ್ಲ ಇವಳದೇ ಪಾರ್ಟಿ. "ನೀವೇ ಅಲ್ವಾ ಮೇಡಂ, ಅವಳು ಕೇಳಿದ್ದು ಕೊಡಿ ಅಂದಿದ್ದು?" ಅಂದರು. ಅಂದಿದ್ದೆ.

ಸ್ನಾನದ ಸ್ವಾತಂತ್ರ್ಯದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಳಗೆ ಚಿಲಕ ಹಾಕಿಕೊಂಡು ಸೋಲಾರ್ ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಕಿವಿಯ ಹಿಂದೆ ಸೋಪು ಹಾಗೇ ಬಿಟ್ಟುಕೊಂಡು ಬರುತ್ತಾಳೆ. ಅವಳ ಅಪ್ಪನಿಗೆ ತಣ್ಣೀರು ಅಭ್ಯಾಸವಾಗಿದೆ.

ಅಪಾಯ ಬಂದಿದ್ದು ಬೇರೆ ಕಡೆಯಿಂದ. ಅವಳ ಜಡೆ ಬಿಟ್ಟು ಉಳಿದದ್ದೆಲ್ಲ ಅವಳೇ ಮಾಡಿಕೊಳ್ಳತೊಡಗಿದ ಮೇಲೆ, ಸಂಜೆ ನಮ್ಮಿಬ್ಬರಿಗೂ ಬಿಸಿ ಕಾಫಿ ಬಿಸಿಯಾಗಿಯೇ ಕುಡಿಯುವಷ್ಟು ಬಿಡುವು ಸಿಕ್ಕಿತು. ಎಷ್ಟೋ ವರ್ಷದ ಮೇಲೆ ಎದುರುಬದುರು ಕೂತೆವು. ಗಂಡ ಲೋಟ ಕೆಳಗಿಟ್ಟು, "ಅಮ್ಮ ಹೇಳೋದೂ ಯೋಚನೆ ಮಾಡಬೇಕಾದ್ದೇ, ಅಲ್ವಾ?" ಅಂದರು. ಕೈ ಖಾಲಿಯಾಗಿದ್ದೇ ತಡ, ಮತ್ತೆ ಏನನ್ನಾದರೂ ಎತ್ತಿಕೊಳ್ಳಬೇಕು ಅನ್ನಿಸುವ ಈ ಕಾಯಿಲೆಗೆ ಔಷಧಿ ಇಲ್ಲ.

ಅವರು ಎಕ್ಸೆಲ್ ಮನುಷ್ಯ. ರಾತ್ರಿಯೇ ಶೀಟು ತಯಾರಾಯಿತು. ಡೈಪರ್, ಡೇ ಕೇರ್, ಸ್ಕೂಲ್ ಫೀಸು, ವ್ಯಾನ್. ಹೆರಿಗೆ ರಜೆ ಎರಡನೆಯದಕ್ಕೂ 26 ವಾರ ಸಿಗುತ್ತದೆ, ಮೂರನೆಯದಕ್ಕೆ 12ಕ್ಕೆ ಇಳಿಯುತ್ತದೆ ಅಂತ ಕೆಂಪಕ್ಷರದಲ್ಲಿ ಬರೆದಿದ್ದರು. ಮೂರನೆಯದರ ಮಾತು ಯಾರು ಎತ್ತಿದ್ದರೋ! 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಸರಾಸರಿ ಒಬ್ಬ ಹೆಂಗಸಿಗೆ 1.7 ಮಕ್ಕಳಂತೆ. "ನಮ್ಮದು ಇನ್ನೂ ಪಾಯಿಂಟ್ ಏಳು ಬಾಕಿ ಇದೆ" ಅಂದರು. ರಾತ್ರಿ ಪೂರ್ತಿ ಮಲಗುವ ಪಾಯಿಂಟ್ ಏಳು ಭಾಗ ಮಾತ್ರ ಸಿಗೋದಾದರೆ ನಾನು ರೆಡಿ. ಉಳಿದ ಪಾಯಿಂಟ್ ಮೂರು ಭಾಗವನ್ನು ಬೇಕಾದವರು ಸಾಕಿಕೊಳ್ಳಲಿ.

ಮಾರನೆಯ ದಿನ ಅತ್ತೆ "ಆರತಿಗೊಬ್ಬಳು, ಕೀರ್ತಿಗೊಬ್ಬ ಅಂತ ಸರ್ಕಾರವೇ ಗೋಡೆ ಮೇಲೆ ಬರೆಸಿರಲಿಲ್ವಾ?" ಅಂತ ಶುರು ಮಾಡಿದರು. ನನ್ನ ಗಂಡ ಸುಮ್ನೆ ಇರಬಾರದೇ? ಮೈಸೂರಿನವರ ಹೆಮ್ಮೆ ಉಕ್ಕಿ ಬಂತು. "ಅಮ್ಮ, ನಾಲ್ವಡಿಯವರ ಕಾಲದಲ್ಲಿ, 1930ರಲ್ಲೇ, ಮೈಸೂರು ಸರ್ಕಾರ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆದಿತ್ತು, ಗೊತ್ತಾ?"

ಅತ್ತೆ ಬತ್ತಿಯಿಂದ ಕಣ್ಣೆತ್ತಲಿಲ್ಲ. "ಮಹಾರಾಜರು ತೆರೆದಿದ್ರಪ್ಪ. ನಮ್ಮಪ್ಪ ಆ ಕಡೆ ಹೋಗಲಿಲ್ಲ. ಹೋಗಿದ್ರೆ ಐದನೆಯವಳು ನಾನೂ ಇರ್ತಿರಲಿಲ್ಲ, ವಾದ ಮಾಡೋಕೆ ನೀನೂ ಇರ್ತಿರಲಿಲ್ಲ."

ಇದಕ್ಕೆ ಎಕ್ಸೆಲ್‌ನಲ್ಲಿ ಕಾಲಮ್ ಇರಲಿಲ್ಲ.

ಕೊನೆಗೆ ಮಗಳನ್ನೇ ಕೇಳೋಣ ಅಂದುಕೊಂಡೆವು. ತಮ್ಮನೋ ತಂಗಿಯೋ ಬಂದರೆ ಏನನ್ನಿಸುತ್ತೆ ಪುಟ್ಟಿ? ಅವಳು ಸ್ವಲ್ಪ ಹೊತ್ತು ಯೋಚಿಸಿ, "ಪಾಪು ಬಂದ್ರೆ ಅಜ್ಜಿ ಅದನ್ನ ನೋಡ್ಕೋತಾರಾ?" ಅಂದಳು. ಹೌದು ಅಂದೆ. "ಅಪ್ಪನೂ?" ಅಪ್ಪನೂ. "ಹಾಗಾದ್ರೆ ಅಪ್ಪ ನನ್ನ ಹಿಂದೆ ಬಂದು ಕಂಬದ ಹತ್ರ ನಿಂತ್ಕೊಳ್ಳಲ್ಲ ಅಲ್ವಾ? ಬರಲಿ. ತಂಗಿ ಬರಲಿ." ಅಪ್ಪನ ಮುಖ ನೋಡಬೇಕಿತ್ತು. ಅಷ್ಟು ದಿನ ಸ್ಕೂಟರ್‌ಗಳ ಮರೆಯಲ್ಲಿ ಸೊಂಟ ನೋಯಿಸಿಕೊಂಡಿದ್ದೆಲ್ಲ ಅವಳಿಗೆ ಗೊತ್ತಿತ್ತು! ನಾವು ಪುಸ್ತಕ, ಸಮೀಕ್ಷೆ, ಶೀಟು ಎಲ್ಲ ತಿರುವಿ ಹಾಕಿದರೂ ಹೊಳೆಯದ್ದು ಅವಳಿಗೆ ಹೊಳೆದಿತ್ತು. ಅವಳಿಗೆ ಬೇಕಿದ್ದು ಜೊತೆಯಲ್ಲ, ನಮ್ಮ ಕಣ್ಣು ಬೇರೆ ಕಡೆ ತಿರುಗಿಸುವ ಒಬ್ಬ ಮನುಷ್ಯ. ದೊಡ್ಡಕ್ಕಂದಿರು ಯಾಕೆ ತಕರಾರಿಲ್ಲದೆ ಮಗು ಹೊತ್ತು ತಿರುಗುತ್ತಿದ್ದರು ಅಂತ ಆಗ ನನಗೆ ಅನುಮಾನ ಬಂತು.

ವಾರ ಕಳೆದಿರಲಿಲ್ಲ, ಹೂವಿನಮ್ಮ ಮಲ್ಲಿಗೆಯನ್ನು ಒಂದು ಮೊಳ ಜಾಸ್ತಿ ಅಳೆದು, "ಇಟ್ಕೊಳವ್ವ, ದುಡ್ಡು ಬ್ಯಾಡ, ಈಗ ಮುಡ್ಕೋಬೇಕು" ಅಂದಳು. ಸಂಜೆ ಪಕ್ಕದ ಮನೆ ಆಂಟಿ ಉಪ್ಪು ಖಾರ ಹಚ್ಚಿದ ಮಾವಿನಕಾಯಿ ಹೋಳು ತಂದು, "ಎಷ್ಟು ತಿಂಗಳು?" ಅಂತ ಪಿಸುಗುಟ್ಟಿದರು. ಸ್ವತಂತ್ರ ಮಗಳು ಒಬ್ಬಳೇ ಓಡಾಡಿ ಇಡೀ ಕ್ರಾಸಿಗೆ ಸುದ್ದಿ ಮುಟ್ಟಿಸಿದ್ದಳು. ಅತ್ತೆ ಇಲ್ಲ ಅನ್ನಲಿಲ್ಲ, ಹೌದು ಅನ್ನಲೂ ಇಲ್ಲ. ಆಂಟಿಗೆ ಕುಂಕುಮ ಕೊಟ್ಟು ಕೂರಿಸಿದರು.

ನಾನು ಮಾವಿನಕಾಯಿ ತಿಂದೆ. ಚೆನ್ನಾಗಿತ್ತು. ನಾನು ಹುಳಿ ತಿನ್ನುವುದನ್ನು ನೋಡಿದ ಗಂಡ ಹೋಗಿ ಲ್ಯಾಪ್‌ಟಾಪ್ ತೆರೆದರು.